ಇದ್ದಿಲು ಬಸ್ಸಿನಲ್ಲಿ ಮೊಸರಿನ ಗಡಿಗೆ

ಹೊಳಗುಂದ
ಭಾನುವಾರ, ೭ ಫೆಬ್ರವರಿ ೧೯೪೩

ಅವ್ವಾ,

ನಿನ್ನ ಮಗಳು ಗುರುಶಾಂತಮ್ಮನ ಶರಣು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆದು ಮುಂದಿನ ಮಾತಿಗೆ ಹೋಗುವುದು ಸುಲಭ. ಹಿಂದಿನ ಎರಡು ಪತ್ರಗಳಲ್ಲಿ ಹಾಗೆಯೇ ಮಾಡಿದೆ. ಇದನ್ನು ಮಾತ್ರ ಅಣ್ಣ ಮಲ್ಲಯ್ಯ ಬಾಗಿಲು ಹಾಕಿಕೊಂಡು ನಿನಗೊಬ್ಬಳಿಗೇ ಓದಿ ಹೇಳಲಿ.

ಏಳು ತಿಂಗಳಾಯಿತು, ಹೆರಿಗೆಗೆ ಯಾವಾಗ ಬರುತ್ತೀ ಎಂದು ನೀನು ಬರೆಸಿ ಕೇಳಿದ್ದೆ. ನಾನು ಮೊದಲು ಒಳ್ಳೆಯ ದಿನವಿಲ್ಲ ಎಂದೆ. ಆಮೇಲೆ ಅತ್ತೆಗೆ ಹುಷಾರಿಲ್ಲ ಎಂದೆ. ಎರಡೂ ಸುಳ್ಳು. ಅತ್ತೆ ಗುಂಡುಕಲ್ಲಿನಂತಿದ್ದಾರೆ. ಮೊದಲ ಕೂಸು ಇಲ್ಲಿ ಹುಟ್ಟಿ, ಕೈಬಿಟ್ಟು ಹೋದದ್ದನ್ನು ನಾನೇನು ಮರೆತಿಲ್ಲ. ಈ ಸಲ ನಿನ್ನ ಮಗ್ಗುಲಲ್ಲೇ ಹೆರಬೇಕೆಂಬ ಆಸೆ ನಿನಗಿಂತ ನನಗೇ ಹೆಚ್ಚು.

"ಡ್ರೈವರನ ಹೆಂಡತಿಗೆ ದಿನಾ ಬಸ್ಸಿನಾಗ ಆದೋನಿಗೆ ಹೋಗಿ ಮೊಸರು ಮಾರೋ ಗತಿ ಬಂತೇನ" ಎಂದೂ ನೀನು ಬರೆಸಿದ್ದೆ. ಮೊಸರು ಒಂದು ನೆಪ, ಅವ್ವಾ. ನಿನ್ನ ಅಳಿಯನಿಗೆ ಕಿವಿ ಕೇಳಿಸುವುದಿಲ್ಲ. ಹೋದ ವರ್ಷದ ವಿಷಮಜ್ವರ ಹೋಗುವಾಗ ಕಿವಿಯನ್ನೂ ಕಟ್ಟಿಕೊಂಡು ಹೋಯಿತು. ದೀಪಾವಳಿಗೆ ನಾವು ಬಂದಾಗ ನೀನು ಬಾಗಿಲ ಮರೆಯಿಂದ ಊಟಕ್ಕೆ ಕರೆದೆ, ಅವರು ಓಗೊಡಲಿಲ್ಲ. ಅಳಿಯನಿಗೆ ಸೊಕ್ಕು ಎಂದು ಈಗಲೂ ಆಡುತ್ತೀಯಂತೆ. ಎದುರಿಗೆ ಬಂದಿದ್ದರೆ ನಿನ್ನ ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಅತ್ತೆ ಅಳಿಯನ ಎದುರು ಬರಬಾರದೆಂಬ ನಮ್ಮ ರೀತಿಯೇ ಅವರ ಗುಟ್ಟು ಕಾಯಿತು.

ಕಿವುಡ ಬಸ್ಸು ಹೇಗೆ ನಡೆಸುತ್ತಾನೆ ಎಂದು ಅಣ್ಣ ಕೇಳಿಯಾನು. ಪೆಟ್ರೋಲ್ ಇದ್ದಾಗ ಹೇಗೋ ನಡೆಯುತ್ತಿತ್ತು. ಯುದ್ಧ ಬಂದು ಅದು ಸಿಗದಂತಾದ ಮೇಲೆ ಬಸ್ಸಿನ ಧಣಿ ಮರಿಬಸಪ್ಪ ಸಾವ್ಕಾರರು ಅದರ ಹಿಂದೆ ಇದ್ದಿಲಿನ ಒಲೆ ಕಟ್ಟಿಸಿದ್ದಾರೆ. ಅದರ ಗ್ಯಾಸಿಗೆ ಗಾಳಿ ಬೆರೆತು ಇಂಜಿನ್ನಿಗೆ ಹೋಗಬೇಕು. ಇದ್ದಿಲು ಒಂದು ದಿನ ಒಣಗಿದ್ದು, ಒಂದು ದಿನ ಹಸಿ. ಗ್ಯಾಸು ಗಳಿಗೆಗೊಂದು ಥರ. ಕಿಡಿ ಪ್ರತಿಸಲವೂ ಒಂದೇ, ಉರಿ ಮಾತ್ರ ಒಂದರಂತೆ ಒಂದಿಲ್ಲ. ಒಮ್ಮೆ ಜೋರು, ಒಮ್ಮೆ ಸೋಮಾರಿ, ಒಮ್ಮೆ ಹೊತ್ತುವುದೇ ಇಲ್ಲ. ಎಸರು ಸರಿಯಾಗಿ ಕೂಡದ ಹಿಟ್ಟಿನಲ್ಲಿ ಒಂದು ರೊಟ್ಟಿ ಉಬ್ಬಿ ಮುಂದಿನದು ಸೀಳಿಹೋಗುವುದಿಲ್ಲವೇ, ಹಾಗೆ. ಅದಕ್ಕೇ ಶಬ್ದ ಕೇಳುತ್ತಾ ದಾರಿಯುದ್ದಕ್ಕೂ ಗಾಳಿಯ ಹಿಡಿಯನ್ನು ತುಸು ಆಚೆ, ತುಸು ಈಚೆ ಮಾಡುತ್ತಿರಬೇಕು.

ಆ ಶಬ್ದವನ್ನು ನಾನು ಕೇಳುತ್ತೇನೆ. ಅವರ ಬೆನ್ನ ಹಿಂದಿನ ಸೀಟಿನಲ್ಲಿ ಗಡಿಗೆ ಇಟ್ಟುಕೊಂಡು ಕೂರುತ್ತೇನೆ. ಚಟಚಟ ಸಿಡಿದರೆ ಗಾಳಿ ಹೆಚ್ಚು, ಬೆನ್ನಿಗೆ ಒಂದು ಬೆರಳು. ಶಬ್ದ ಮಂಕಾದರೆ ಗಾಳಿ ಕಡಿಮೆ, ಎರಡು ಬೆರಳು. "ಏನಕ್ಕಾ, ಬಸ್ಸಿನಾಗೂ ಗಂಡನ ಬೆನ್ನು ಬಿಡವಲ್ಲಿ" ಎಂದು ಕಂಡಕ್ಟರ್ ಬಜಾರಪ್ಪ ಛೇಡಿಸುತ್ತಾನೆ. ಮಂದಿಯ ಜೊತೆ ನಾನೂ ನಗುತ್ತೇನೆ. ಕಿವಿ ಮಾತ್ರ ಇಂಜಿನ್ನಿನ ಮೇಲೇ ಇರುತ್ತದೆ.

ಸಂಕ್ರಾಂತಿಯ ಮರುದಿನ ಹೊಟ್ಟೆನೋವೆಂದು ನಾನು ಹೋಗಲಿಲ್ಲ. ಹಳ್ಳದ ಏರಿನಲ್ಲಿ ಇಂಜಿನ್ ನಿಂತು, ಮೂವತ್ತು ಜನರಿದ್ದ ಬಸ್ಸು ಹಿಂದಕ್ಕೆ ಜಾರಿತು. ಯಾವುದೋ ಬಂಡೆಗೆ ತಡೆದು ನಿಂತದ್ದು ಪುಣ್ಯ. ನಿನ್ನ ಅಳಿಯ ಮನೆಗೆ ಬಂದವರೇ ಗೋಡೆಗೆ ಮುಖ ಮಾಡಿ ಕೂತು, "ನಾಳೆ ಸಾವ್ಕಾರ್ಗ ಹೇಳಿಬಿಡ್ತೀನಿ, ನನ್ನ ಕೈಯಾಗ ಆಗಾಂಗಿಲ್ಲ" ಎಂದರು. ಬೇಡ ಎಂದವಳು ನಾನು. ಆ ಚಕ್ರ ಬಿಟ್ಟರೆ ಅವರಿಗೆ ಬೇರೆ ವಿದ್ಯೆ ಬಾರದು. ಆದರೂ ಮೂವತ್ತು ಜನರ ಜೀವ ನನ್ನ ಸುಳ್ಳಿನ ಮೇಲೆ ಕೂತಿದೆ ಎಂದು ಹೆದರಿಕೆಯಾಗುತ್ತದೆ, ಅವ್ವಾ.

ಈಗ ಚಪ್ಪಲಿ ಬಿಟ್ಟು, ಬರಿಗಾಲಿಗೆ ಹತ್ತುವ ನಡುಕದಿಂದಲೇ ಇಂಜಿನ್ನನ್ನು ಅರಿಯಲು ಕಲಿಯುತ್ತಿದ್ದಾರೆ. ಹದಿನೈದು ದಿನದಿಂದ ನಾನು ಬೆರಳು ತಡೆದು ನೋಡುತ್ತಿದ್ದೇನೆ. ಹತ್ತರಲ್ಲಿ ಏಳು ಸಲ ಅವರೇ ಸರಿಪಡಿಸುತ್ತಾರೆ. ಉಳಿದ ಮೂರು ನನ್ನನ್ನು ಇಲ್ಲಿ ಕಟ್ಟಿಹಾಕಿವೆ. ಬರಲೋ ಬೇಡವೋ ನನಗೇ ತಿಳಿಯದು.

ನಿನ್ನ ಹೊಟ್ಟೆಯ ಮಗಳು,
ಗುರುಶಾಂತಮ್ಮ

ಸೋಮವಾರ ಬೆಳಿಗ್ಗೆ ಸೇರಿಸಿದ್ದು:

ಇದನ್ನು ಅಂಚೆಗೆ ಹಾಕುತ್ತಿಲ್ಲ. ಮದುವೆಯ ದಿಬ್ಬಣವೊಂದು ಇವತ್ತು ನಮ್ಮ ಬಸ್ಸನ್ನೇ ಬಾಡಿಗೆಗೆ ಹಿಡಿದು ನಿಮ್ಮ ಪೆದ್ದಕಡುಬೂರಿಗೆ ಬರುತ್ತಿದೆ. ನಾನೂ ಹತ್ತಿ ಕೂತಿದ್ದೆ. "ತುಂಬಿದ ಬಸುರಿ ಇಷ್ಟು ದೂರ ಯಾಕವ್ವಾ" ಎಂದು ದಿಬ್ಬಣದ ಹಿರಿಯರು ಕೈಹಿಡಿದು ಇಳಿಸಿದರು. ಬಸ್ಸಿನ ಒಲೆ ಕಾಯುವಷ್ಟರಲ್ಲಿ ಇಷ್ಟು ಬರೆದು ನಿನ್ನ ಅಳಿಯನ ಜೇಬಿನಲ್ಲಿ ಇಡುತ್ತೇನೆ. ಒಳಗೆ ಏನಿದೆಯೆಂದು ಅವರಿಗೆ ಗೊತ್ತಿಲ್ಲ. ಅಣ್ಣ ಇದನ್ನು ಓದುತ್ತಿದ್ದಾನೆಂದರೆ, ದಿಬ್ಬಣವನ್ನೆಲ್ಲ ಅವರೊಬ್ಬರೇ ಸುಖವಾಗಿ ತಂದು ಇಳಿಸಿದ್ದಾರೆ. ಹಾಗಾದರೆ ನನ್ನನ್ನು ಕರೆದೊಯ್ಯಲು ಅಣ್ಣನನ್ನು ಅದೇ ಬಸ್ಸಿಗೆ ಹತ್ತಿಸು. ಅಲ್ಲಿಯವರೆಗೆ ನಾನು ಹೊಸ್ತಿಲು ಬಿಟ್ಟು ಏಳುವುದಿಲ್ಲ.