ಫಲಿತಾಂಶಕ್ಕೂ ಮುಂಚಿನ ಮೊಟ್ಟೆ

ಜುಲೈ 3

ಬೆಳಿಗ್ಗೆ ದನಗಳ ಸೋಂಕು ರೋಗ. ಮಧ್ಯಾಹ್ನ ಹಂದಿಗಳ ಸೋಂಕು ರೋಗ. ನಡುವೆ ನಿನ್ನೆಯ ಪಾಸ್ತಾ, ತಣ್ಣಗೆ. ಅಡುಗೆಮನೆಯ ಸ್ಟವ್ ಹಚ್ಚಿ ಅದರ ಮುಂದೆ ಕುಳಿತು ಓದು. ಜುಲೈ ಎಂದರೆ ಇಲ್ಲಿ ನಡುಚಳಿಗಾಲ; ರೂಮಿನ ಹೀಟರ್ ಹೋದ ಚಳಿಗಾಲದಲ್ಲೇ ದೈವಾಧೀನವಾಯಿತು.

ವಿದ್ಯಾರ್ಥಿ ಕ್ಷೇಮ ವಿಭಾಗದ ದೆಲ್ಫಿನಾ ಮೇಡಂ ಅಪ್ಪಣೆ: ಇಂದಿನಿಂದ ದಿನಕ್ಕೆ ಮೂರು ಕೃತಜ್ಞತೆ ಬರೆಯತಕ್ಕದ್ದು. ನಿದ್ದೆ ಬರುತ್ತಿಲ್ಲ, ಮಾತ್ರೆ ಕೊಡಿ ಎಂದು ಹೋಗಿದ್ದೆ. ಮಾತ್ರೆಯ ಬದಲು ಇದು. ಒಳ್ಳೆಯದನ್ನೇ ಯೋಚಿಸಿದರೆ ಒಳ್ಳೆಯದೇ ಬರುತ್ತದಂತೆ. ಬರೆದದ್ದನ್ನು ಯಾರಿಗೂ ತೋರಿಸಬೇಕಿಲ್ಲವಂತೆ. ಸದ್ಯ.

ಒಂದು — ಸ್ಟವ್. ಎರಡು — ಸ್ಟವ್ ಮೇಲಿನ ಕೆಟಲ್. ಮೂರು... ಬೆಂಕಿಕಡ್ಡಿ.

ಜುಲೈ 6

ಕೃತಜ್ಞತೆ: ಬ್ರೀಸಾ ಇವತ್ತು ಅಳಲಿಲ್ಲ. ರೂಮ್‌ಮೇಟ್. ವಾಸ್ತುಶಿಲ್ಪ ಓದುತ್ತಾಳೆ. ಮೊನ್ನೆ ಅವಳ ರಟ್ಟಿನ ಗ್ರಂಥಾಲಯದ ಮೇಲೆ ನಾನು ಕುಳಿತುಬಿಟ್ಟಿದ್ದೆ. ಭೂಕಂಪ ಪರೀಕ್ಷೆ ಆಯಿತೆಂದು ತಿಳಿದುಕೋ ಅಂದೆ. ಎರಡು ದಿನ ಮಾತಿಲ್ಲ.

ಇದು ನನ್ನ ಕಡೆಯ ಪರೀಕ್ಷೆ. ಇದಾದರೆ ನಾನು, ಇತಾತಿ, ಪಶುವೈದ್ಯೆ. ಆರು ವರ್ಷ ಓದಿದ್ದು ಒಂದು ತೂಕ, ಪರೀಕ್ಷೆಯ ಮೇಜಿನ ಮೇಲಿನ ತಂತಿಯ ಬುಟ್ಟಿ ಇನ್ನೊಂದು ತೂಕ. ಬುಟ್ಟಿ ತಿರುಗಿಸಿದರೆ ನಂಬರಿನ ಗೋಲಿ ಬೀಳುತ್ತದೆ. ಬಿದ್ದ ನಂಬರಿನ ಪಾಠವನ್ನು ಮೂವರು ಪ್ರೊಫೆಸರರ ಎದುರು ಬಾಯಲ್ಲಿ ಹೇಳಬೇಕು. ಲಾಟರಿಗೂ ಇದಕ್ಕೂ ವ್ಯತ್ಯಾಸವೇನೆಂದರೆ, ಲಾಟರಿ ಸೋತವರನ್ನು ಯಾರೂ ಕೂರಿಸಿಕೊಂಡು ವಿವರಣೆ ಕೇಳುವುದಿಲ್ಲ.

ಜುಲೈ 11

ಅಮ್ಮನ ಫೋನು. ಪರೀಕ್ಷೆಯ ತಾರೀಖು ಗೊತ್ತಾಗಿಬಿಟ್ಟಿದೆ. ಬ್ರೀಸಾಳ ಉಪಕಾರ. (ಕೃತಜ್ಞತೆಯ ಪಟ್ಟಿಯಿಂದ ಅವಳನ್ನು ತೆಗೆದಿದ್ದೇನೆ.)

ನಮ್ಮೂರು ಕೊರಿಯೆಂತೆಸ್‌ನಿಂದ ರಾತ್ರಿ ಬಸ್ಸಿಗೆ ಅಪ್ಪ, ಅಮ್ಮ ಇಬ್ಬರೂ ಬರುತ್ತಾರಂತೆ. ನಮ್ಮದೇ ಕೋಳಿಗಳ ಮೊಟ್ಟೆ ತರುತ್ತಾರಂತೆ, ಹುಲ್ಲಿನಲ್ಲಿ ಸುತ್ತಿ. ಅಂಗಡಿ ಮೊಟ್ಟೆ ಒಡೆಯುವುದು ಮರ್ಯಾದೆಯಲ್ಲ ಎನ್ನುವುದು ಅಪ್ಪನ ಖಚಿತ ಅಭಿಪ್ರಾಯ. ಇಲ್ಲಿನ ಪದ್ಧತಿಯಂತೆ ಡಿಗ್ರಿ ಮುಗಿಸಿ ಹೊರಬಂದ ಮಗಳ ತಲೆಗೆ ಮೊಟ್ಟೆ ಒಡೆದು, ಮೇಲಿಂದ ಮೈದಾ ಸುರಿದು, ಫೋಟೋ ತೆಗೆಸುವ ಭಾಗ್ಯ ನಮ್ಮ ವಂಶದಲ್ಲಿ ಈವರೆಗೆ ಯಾರಿಗೂ ಬಂದಿಲ್ಲ. ಮೈದಾ ತರಬೇಡಿ, ಇಲ್ಲೇ ಸಿಗುತ್ತದೆ ಅಂದೆ. ಹೊರುವುದು ಅಪ್ಪ ತಾನೇ, ಹೊತ್ತುಕೊಳ್ಳಲಿ ಬಿಡು ಅಂದಳು.

ಪಾಸಾಗದಿದ್ದರೆ ಎಂದು ಕೇಳಿದೆ. ಚಳಿಗೆ ಟೋಪಿ ಹಾಕಿಕೊಳ್ಳುತ್ತಿದ್ದೀಯಾ ಎಂದು ಕೇಳಿದಳು.

ಕೃತಜ್ಞತೆ: ಟೋಪಿ.

ಜುಲೈ 17

ಪ್ರತಿಯೊಬ್ಬರೂ ಒಂದು ಗೋಲಿಯನ್ನು ಓದದೆ ಬಿಡುತ್ತಾರೆ. ಇದು ನಮ್ಮ ಕಾಲೇಜಿನ ಧರ್ಮ. ಬಿಟ್ಟದ್ದು ಬೀಳುವುದಿಲ್ಲ ಎಂಬುದು ನಂಬಿಕೆ. ನಾನು ಬಿಟ್ಟದ್ದು ಜೇನುಹುಳುಗಳ ರೋಗ. ಜೇನುಹುಳುವನ್ನು ಹಗ್ಗ ಕಟ್ಟಿ ಆಸ್ಪತ್ರೆಗೆ ಯಾರು ತರುತ್ತಾರೆ?

ಬ್ರೀಸಾ ಪುಸ್ತಕ ಎಳೆದು ಪುಟ ಎಣಿಸಿದಳು. ಇಷ್ಟೇ ತಾನೆ, ಓದಿ ಬಿಸಾಕಬಾರದೇ ಅಂದಳು. ಒಳ್ಳೆಯದನ್ನೇ ಯೋಚಿಸುತ್ತಿದ್ದೇನೆ, ಮಧ್ಯೆ ಬಾಯಿ ಹಾಕಬೇಡ ಅಂದೆ.

"ಯೋಚನೆ ಮಾಡಮ್ಮಾ, ಮಾಡು," ಅಂದಳು. "ಜೇನುಹುಳಕ್ಕೂ ಗೊತ್ತಾಗಲಿ, ನೀನೆಷ್ಟು ಒಳ್ಳೆಯವಳು ಅಂತ."

ಜುಲೈ 23, ಸಂಜೆ

ಕ್ರಮವಾಗಿ ಬರೆಯುತ್ತೇನೆ.

ಬುಟ್ಟಿ ತಿರುಗಿಸಿದೆ. ಗೋಲಿ ಬಿತ್ತು. ಜೇನುಹುಳು.

ಪ್ರೊಫೆಸರ್ ಇತುರಾಲ್ದೆ ನಂಬರು ಓದಿ, ಕನ್ನಡಕ ಒರೆಸಿಕೊಂಡು, ಹೇಳಿ ಅಂದರು. ಜೇನುಹುಳುವಿಗೆ ಆರು ಕಾಲು ಎಂದು ಹೇಳಿದೆ. ಅದನ್ನು ಮೂವರೂ ಒಪ್ಪಿದರು. ಮುಂದೆ ಏನೂ ಬರಲಿಲ್ಲ. ನೀರು ಕುಡಿದು ಬರಲೇ ಎಂದು ಕೇಳಿದೆ. ಹೋಗಿ ಬನ್ನಿ, ರೋಗ ಎಲ್ಲಿಗೂ ಓಡಿಹೋಗುವುದಿಲ್ಲ ಅಂದರು.

ನಲ್ಲಿ ಇರುವುದು ಅಂಗಳದ ಆಚೆ. ಅಂಗಳದಲ್ಲಿ ಅಪ್ಪ, ಅಮ್ಮ, ಬ್ರೀಸಾ. ಬಾಗಿಲು ತೆಗೆದೆ. ಇನ್ನೂ ಮುಗಿದಿಲ್ಲ ಎನ್ನಲು ಬಾಯಿ ತೆರೆದೆ. ಮೊದಲ ಮೊಟ್ಟೆ ಹಣೆಗೆ. ಎಸೆದದ್ದು ಅಪ್ಪ. ಮಾತಾಡದ, ಓಡದ, ಮದುವೆಯಲ್ಲೂ ಕುಣಿಯದ ಅಪ್ಪ. ಅವನು ಎಸೆದ ಮೇಲೆ ಇನ್ನು ತಡೆಯುವವರು ಯಾರು? ಬ್ರೀಸಾ ಹಿಂದಿನಿಂದ. ಅಮ್ಮ ಅಳುತ್ತ, ನಗುತ್ತ, ಇಡೀ ಮೈದಾ ಪೊಟ್ಟಣ. ನಾನು ಬೇಡ ಬೇಡ ಎಂದದ್ದನ್ನು ಎಲ್ಲರೂ ನಾಚಿಕೆ ಎಂದುಕೊಂಡರು. ಫೋಟೋ ಕೂಡ ಆಯಿತು.

ಆಮೇಲೆ ಬಾಯಿಯ ಮೈದಾ ಉಗಿದು, ಪರೀಕ್ಷೆ ಇನ್ನೂ ನಡೆಯುತ್ತಿದೆ ಅಂದೆ.

ಅಮ್ಮ ಖಾಲಿ ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

ಒಳಗೆ ಹೋದೆ. ಕುರ್ಚಿಯ ಮೇಲೆ ಹಳದಿ ತೊಟ್ಟಿಕ್ಕುತ್ತಿತ್ತು. ಮೂವರು ವಿದ್ವಾಂಸರು ನನ್ನನ್ನು ಹೊಸ ರೋಗವನ್ನು ನೋಡುವಂತೆ ನೋಡಿದರು. ಇತುರಾಲ್ದೆ ಕಾಗದಗಳನ್ನು ತಮ್ಮ ಕಡೆ ಎಳೆದುಕೊಂಡರು.

"ಅಭಿನಂದನೆಗಳು," ಅಂದರು. "ಈಗ ಜೇನುಹುಳುಗಳ ವಿಷಯ ಹೇಳಿ."

ಹೇಳಲಿಲ್ಲ. ಹತ್ತಕ್ಕೆ ಎರಡು. ಪಾಸಿಗೆ ನಾಲ್ಕು ಬೇಕು. ಆಗಸ್ಟ್‌ನಲ್ಲಿ ಮತ್ತೆ ಬನ್ನಿ, ಬರುವಾಗ ಮನೆಯವರನ್ನು ಸ್ವಲ್ಪ ದೂರ ನಿಲ್ಲಿಸಿ ಅಂದರು. ಕೆಟ್ಟ ಮನುಷ್ಯ ಅಲ್ಲ. ತಮ್ಮ ಕರವಸ್ತ್ರ ಕೊಟ್ಟರು.

ಅಮ್ಮ ಬೆಂಚಿನ ಮೇಲೆ ಕುಳಿತು ಅಳುತ್ತಿದ್ದಳು. ನಮ್ಮಿಂದಲೇ ಹೀಗಾಯಿತು ಎಂಬ ಒಂದೇ ಮಾತು. ಇಲ್ಲಮ್ಮ, ನೀರಿಗೆ ಬರುವ ಮುಂಚೆಯೇ ನನ್ನ ತಲೆ ಖಾಲಿಯಾಗಿತ್ತು, ಆ ಪಾಠ ನಾನು ಓದಿರಲೇ ಇಲ್ಲ ಅಂದೆ. ನಂಬಲಿಲ್ಲ. ಬ್ರೀಸಾ ಸಾಕ್ಷಿ ಹೇಳಿದಳು. ಆಗ ಅಳು ನಿಲ್ಲಿಸಿ ಬೈಯಲು ಶುರುಮಾಡಿದಳು. ಅದು ವಾಸಿ.

ಅಪ್ಪ ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದ. ತಲೆ ಬಗ್ಗಿಸು ಅಂದ. ಬಿಸಿನೀರು ತಂದುಕೊಡಲೇ ಎಂದು ಬ್ರೀಸಾ ಕೇಳಿದಳು. ಬಿಸಿನೀರಾದರೆ ತಲೆಯ ಮೇಲೆಯೇ ಆಮ್ಲೆಟ್ ಆಗುತ್ತದೆ, ತಣ್ಣೀರೇ ಸರಿ ಅಂದ. ಜುಲೈ ತಿಂಗಳ ನಲ್ಲಿ ನೀರು. ಹಲ್ಲು ಕಟಕಟ. ಕರುವಿನ ಮೈ ಉಜ್ಜುವ ಕೈಯಲ್ಲೇ ನನ್ನ ಕೂದಲು ಉಜ್ಜಿದ.

"ಗೊತ್ತಿತ್ತು," ಅಂದ, ಉಜ್ಜುತ್ತಲೇ.

ಏನು ಗೊತ್ತಿತ್ತು ಅಂದೆ.

"ಬಾಗಿಲಲ್ಲೇ ಮುಖ ನೋಡಿದ್ನಲ್ಲ. ಸಂತೇಲಿ ಯಾರೂ ಕೊಳ್ಳದೆ ವಾಪಸ್ ಬಂದ ಕರು ಥರ ಇತ್ತು."

"ಮತ್ತೆ ಯಾಕೆ ಎಸೆದೆ?"

ಬೊಗಸೆಯಲ್ಲಿ ನೀರು ಹಿಡಿದು ತಲೆಗೆ ಹುಯ್ದ.

"ಒಳಗೆ ಕೂತಿರೋರು ಏನು ಕೊಡ್ತಾರೋ ಅದು ಅವರ ಲೆಕ್ಕ, ಇತಾತಿ. ಆರು ವರ್ಷ ಈ ಚಳೀಲಿ ಒಬ್ಬಳೇ ಎದ್ದು ಓದಿದೀಯ. ಅದಕ್ಕೆ ನಮ್ಮ ಕಡೆಯಿಂದ ಏನಾದ್ರೂ ಬೇಕಲ್ಲ. ಕೈಲಿ ಮೊಟ್ಟೆ ಇತ್ತು."

ಕಿವಿಯ ಹಿಂದೆ ಇನ್ನೂ ಇದೆ, ತಿರುಗು ಅಂದ.

ಇವತ್ತು ಮೂರು ಬರೆಯುವುದಿಲ್ಲ.

ಜುಲೈ 24

ಬಸ್ ನಿಲ್ದಾಣ. ಅಮ್ಮ ಊರಿನ ಚೀಸ್ ಬನ್ನು, ಚಿಪಾ, ಕಟ್ಟಿಕೊಟ್ಟಳು. ಬೆಣ್ಣೆ ಕಾಗದದಲ್ಲಿ, ಇನ್ನೂ ಚೀಸ್ ವಾಸನೆ. ಮುಂದಿನ ಸಲ ತಾರೀಖು ಹೇಳುವುದಿಲ್ಲ ಅಂದೆ. ಅಪ್ಪ ತಲೆಯಾಡಿಸಿದ. ಬಸ್ಸು ಹೊರಟಿತು. ಕೂದಲಿಗೆ ಅಂಟಿದ ಚಿಪ್ಪು ಇವತ್ತೂ ಸಿಕ್ಕಿತು.

ಆಗಸ್ಟ್ 9

ದೆಲ್ಫಿನಾ ಮೇಡಂ ಕರೆಸಿದ್ದರು. ಪಟ್ಟಿ ಹೇಗೆ ನಡೆದಿದೆ ಎಂದು ಕೇಳಿದರು. ನಡೆದಿಲ್ಲ ಅಂದೆ. ಜೇನುಹುಳುಗಳ ಬಗ್ಗೆ ಒಳ್ಳೆಯದನ್ನೇ ಯೋಚಿಸಿದ ಕಥೆಯನ್ನೂ ಹೇಳಿದೆ. ಕುರ್ಚಿಯಲ್ಲೇ ಬಗ್ಗಿ ನಕ್ಕರು.

"ಯೋಚನೆ ಮಾಡು ಅಂದೆ ಮಾರಾಯ್ತಿ," ಅಂದರು. "ಓದಬೇಡ ಅಂತ ಯಾವಾಗ ಅಂದೆ?"

ನ್ಯಾಯವೇ.

ಪಟ್ಟಿ ಯಾಕೆ ನಿಂತಿತು ಎಂದು ಮಾತ್ರ ಅವರಿಗೆ ಸರಿಯಾಗಿ ಹೇಳಲಾಗಲಿಲ್ಲ. ಆ ದಿನದ ಮೊಟ್ಟೆಯನ್ನು ಯಾವ ನಂಬರಿಗೆ ಹಾಕುವುದು? ಸ್ಟವ್ ಒಂದು, ಟೋಪಿ ಎರಡು, ಅಪ್ಪ ಮೂರು ಎಂದು ಬರೆದು ನೋಡಿದೆ. ಹೊಡೆದು ಹಾಕಿದೆ. ಈಗ ಜೇನುಹುಳು ಓದುತ್ತಿದ್ದೇನೆ. ಪಾಪ, ಅವಕ್ಕೂ ಎಷ್ಟೊಂದು ಕಾಯಿಲೆ. ರಾತ್ರಿ ನಿದ್ದೆ ಬರುತ್ತಿದೆ.

ಆಗಸ್ಟ್ 20, ಮಧ್ಯಾಹ್ನ

ಅಂಗಳದ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಯಾರಿಗೂ ಹೇಳದೆ ಬಂದೆ. ಬ್ರೀಸಾಳಿಗೆ ಮಾರ್ಕೆಟ್ಟಿಗೆ ಎಂದಿದ್ದೇನೆ.

ಇತುರಾಲ್ದೆ ನನ್ನ ತಲೆಯನ್ನು ಪರೀಕ್ಷಿಸಿ, ಇವತ್ತು ಒಣಗಿ ಬಂದಿದ್ದೀರಿ ಅಂದರು. ಗೋಲಿ ಬಿದ್ದದ್ದು ಕುದುರೆಗಳ ಮೆದುಳು ಜ್ವರ. ಹೇಳಿದೆ. ನಡುವೆ ಎರಡು ಕಡೆ ತಡವರಿಸಿದೆ. ನೀರು ಬೇಕೇ ಎಂದು ಅವರೇ ಕೇಳಿದರು. ಬೇಡವೇ ಬೇಡ ಅಂದೆ. ಆರು ಕೊಟ್ಟರು. ಎದ್ದು ನಿಂತು ಕೈ ಕುಲುಕಿ "ಡಾಕ್ಟರ್" ಅಂದರು. ನಾನು ಹಿಂದೆ ತಿರುಗಿ ನೋಡಿದೆ, ಇನ್ಯಾರೋ ಬಂದರೇನೋ ಎಂದು.

ಹೊರಗೆ ಯಾವುದೋ ಹುಡುಗಿಯ ಮನೆಯವರು ಮೊಟ್ಟೆ ಹಿಡಿದು ನಿಂತಿದ್ದಾರೆ. ನನ್ನನ್ನು ಆಸೆಯಿಂದ ನೋಡಿ, ತಮ್ಮವಳಲ್ಲ ಎಂದು ಕೈ ಇಳಿಸಿದರು. ನಾನು ಅವರ ಪಕ್ಕದಲ್ಲೇ ಕುಳಿತಿದ್ದೇನೆ. ಸ್ವಚ್ಛವಾಗಿ, ಪದವೀಧರೆಯಾಗಿ. ಇಷ್ಟು ಸ್ವಚ್ಛವಾಗಿರುವುದು ವಿಚಿತ್ರ ಅನ್ನಿಸುತ್ತಿದೆ.

ಈಗ ಫೋನು ಮಾಡಿದೆ. ಸ್ಪೀಕರ್ ಹಾಕಿ ಮಡಿಲಲ್ಲಿಟ್ಟುಕೊಂಡಿದ್ದೇನೆ. ಅಪ್ಪ ಎತ್ತಿದ. "ಅಪ್ಪಾ" ಅಂದೆ, ಅಷ್ಟೇ.

"ಇರು," ಅಂದ.

ಫೋನು ಎಲ್ಲೋ ಇಟ್ಟ ಸದ್ದು. ಓಡುವ ಸದ್ದು. ಅವನು ಓಡಿದ್ದನ್ನು ನಾನು ಯಾವತ್ತೂ ಕೇಳಿಲ್ಲ. ಕೋಳಿಗಳ ಗಲಾಟೆ. ಆಮೇಲೆ, ದೂರದಲ್ಲಿ, ಅಮ್ಮ:

"ಏನು ಬಂತೋ ನಿಂಗೆ, ನನ್ನ ತಲೆ ಮೇಲ್ಯಾಕೋ ಮೊಟ್ಟೆ ಒಡೀತೀಯ, ಈಗ ತಾನೇ ತಲೆ ತೊಳ್ಕೊಂ..."

ಅಲ್ಲಿಗೆ ನಿಂತಿತು. ಅಮ್ಮನಿಗೂ ತಿಳಿಯಿತೆಂದು ಕಾಣುತ್ತದೆ. ಇಬ್ಬರೂ ಫೋನಿನ ಕಡೆಗೆ ಬರುತ್ತಿದ್ದಾರೆ, ಏನೋ ಉರುಳಿ ಬಿತ್ತು, ಬಕೆಟ್ಟಿರಬೇಕು, ಇನ್ನು ಪೆನ್ನು ಕೆಳಗಿಡುತ್ತೇ...