ಖಾಲಿ ಡಬ್ಬಿ ಮರಳಿಸಬಾರದು

ಜನವರಿ 17, ಶುಕ್ರವಾರ. ಹಾಸ್ಟೆಲ್, ಕಲಬುರಗಿ

ಊರಿಂದ ಬರುವ ಬುತ್ತಿ ಇವತ್ತೂ ಲೇಟು. ದಿನಾ ನಿಮ್ಮ ರೊಟ್ಟಿ ಹೊರುತ್ತೇನೆ, ಒಂದು ದಿನವಾದರೂ ಉಣ್ಣು ಅಂದಿಲ್ಲ ಎಂದು ಜೇವರ್ಗಿ ಬಸ್ಸಿನ ಕಂಡಕ್ಟರ್ ಕಾಡಿಸಿದ. ಎಂಟು ರೊಟ್ಟಿ, ಶೇಂಗಾ ಹಿಂಡಿ. ಡಬ್ಬಿಯ ಮುಚ್ಚಳದ ಮೇಲೆ ಅಪ್ಪನ ಹೆಸರು, ಊರು: ಚಂದ್ರಾಮ, ಕೊಳಕೂರ. ಅರ್ಧ ಸವೆದಿದೆ.

ನೋಟೀಸು ಹಚ್ಚಿದ್ದಾರೆ. ಫೆಬ್ರವರಿ ಇಪ್ಪತ್ತರೊಳಗೆ ಫೀಸು ಕಟ್ಟದಿದ್ದರೆ ಪರೀಕ್ಷೆಗೆ ಕೂಡುವಂತಿಲ್ಲ. ಎಂ.ಎಸ್ಸಿ. ಕೊನೆಯ ಸೆಮಿಸ್ಟರ್! ಅಪ್ಪ ಹಮಾಲಿ. ದಸರಾ ಹೊತ್ತಿಗೆ ತೊಗರಿ ಚೀಲ ಮೈಮೇಲೆ ಬಿದ್ದು ನಡ ಹೋಯಿತು, ಅಂದಿನಿಂದ ಹಾಸಿಗೆ. ಅವ್ವ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ಅದರಲ್ಲಿ ಮನೆ ನಡೆಯುತ್ತದೆ, ಫೀಸು ನಡೆಯುವುದಿಲ್ಲ.

ಒಂದೇ ಆಸೆ ಆಳಂದದ ಟ್ರಸ್ಟು. ಈ ಕಡೆಯ ದಾನಿಗಳು ಸೇರಿ, ಓದು ಅರ್ಧಕ್ಕೆ ನಿಲ್ಲುವವರ ಫೀಸು ಕಟ್ಟುತ್ತಾರೆ. ಇವತ್ತು ಫೋನ್ ಬಂತು. 26ಕ್ಕೆ ಮನೆ ನೋಡಲು ಒಬ್ಬರು ಬರುತ್ತಾರಂತೆ. ಅವರು ಹೂಂ ಅಂದರೆ ಹೂಂ.

ಅವ್ವನಿಗೆ ಹೇಳಿದೆ. ಹೇಳಬಾರದಿತ್ತು.

ಜನವರಿ 26, ಭಾನುವಾರ. ಊರು. ಬೆಳಿಗ್ಗೆ 9

ಮನೆಗೆ ಬಂದರೆ ಫ್ರಿಜ್ಜು! ಎದುರು ಮನೆಯ ಖಾಜಾ ಚಾಚಾನದು. ನಾಲ್ಕು ಮಂದಿ ಹೊತ್ತು ತಂದರಂತೆ. ನಮ್ಮಲ್ಲಿ ಅದಕ್ಕೆ ಪ್ಲಗ್ಗೂ ಇಲ್ಲ, ಸುಮ್ಮನೆ ನಿಂತಿದೆ. ಕುರ್ಚಿ, ತಾಟು ಪಕ್ಕದ ಜಗದೇವಪ್ಪ ಕಾಕಾನ ಮನೆಯವು, ಲೋಟ ಖಾಜಾ ಚಾಚಾನ ಮನೆಯವು. ಖಾಜಾ ಚಾಚಾನ ಮಗಳು ಕೈನಾತ ಹೂವಿನ ಚಾದರ ತಂದು ಅಪ್ಪನ ಕೌದಿ ಮುಚ್ಚಿದಳು. ಅವ್ವ ಹೋಳಿಗೆ ಮಾಡಾಕತ್ತಾಳೆ. ಬರುವವರು ಬಡತನ ನೋಡಲಿಕ್ಕೆ ಬರುತ್ತಾರವ್ವ ಎಂದು ಹೊಯ್ಕೊಂಡೆ.

“ಮನಿಗೆ ಬಂದವ್ರ ಮುಂದ ಹರಕ ಹಾಸೂದೇನ್ ಬೇ?” ಅಂದಳು. ಮುಗಿಯಿತು.

ಅದೇ ದಿನ, ಸಂಜೆ 4

ಬಂದು ಹೋದರು. ಸಿದ್ದರಾಮೇಶ ಸರ್, ಅಫಜಲಪುರದವರು, ರಿಟೈರ್ಡ್ ಮೇಷ್ಟ್ರು. ನಗುವವರಲ್ಲ. ನೀರು ಬಿಟ್ಟು ಏನೂ ಮುಟ್ಟಬಾರದು ಅಂತ ಟ್ರಸ್ಟಿನ ನಿಯಮವಂತೆ. ಅವ್ವನ ಮುಂದೆ ನಿಯಮ! ಮೂರು ಹೋಳಿಗೆ ತಿನ್ನಿಸಿಯೇ ಬಿಟ್ಟಳು.

ಕೈ ಒರೆಸಿಕೊಂಡು ಫಾರ್ಮ್ ತೆಗೆದರು. ಫ್ರಿಜ್ಜು ನೋಡಿದರು.

“ಇದು ನಿಮ್ದೇನ್ರಿ?”

“ಹೌದ್ರಿ. ನಮ್ದರಿ.” ಅವ್ವ ಕಣ್ಣು ಮಿಟುಕಿಸಲಿಲ್ಲ.

ನನ್ನ ಕಡೆ ನೋಡಿದರು. ಬಾಯಿ ತೆರೆದರೆ ಅವ್ವನ ಮಾನ ಹೋಗುತ್ತದೆ, ತೆರೆಯದಿದ್ದರೆ ನನ್ನ ಡಿಗ್ರಿ. ನೆಲ ನೋಡಿದೆ. ಏನೋ ಬರೆದುಕೊಂಡರು. ಹೊರಡುವಾಗ ಅವ್ವ ನನ್ನ ಬುತ್ತಿ ಡಬ್ಬಿಗೇ ರೊಟ್ಟಿ, ಹಿಂಡಿ ತುಂಬಿ ಅವರ ಚೀಲಕ್ಕೆ ತುರುಕಿದಳು. ಬೇಡ ಬೇಡ ಅಂದರೂ.

ಫೀಸೂ ಹೋಯಿತು, ಡಬ್ಬಿಯೂ ಹೋಯಿತು.

ಫೆಬ್ರವರಿ 5, ಬುಧವಾರ. ಹಾಸ್ಟೆಲ್

ಹತ್ತು ದಿನ ಏನೂ ಬರೆದಿಲ್ಲ. ಬುತ್ತಿ ಈಗ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ, ರೊಟ್ಟಿ ಪುಡಿಪುಡಿ. ಅವ್ವನ ಮೇಲೆ ಸಿಟ್ಟು. ಆ ರೊಟ್ಟಿ ತಿನ್ನುವಾಗ ನನ್ನ ಮೇಲೇ ಸಿಟ್ಟು.

ಇವತ್ತು ಧೈರ್ಯ ಮಾಡಿ ಸಿದ್ದರಾಮೇಶ ಸರ್‌ಗೆ ಫೋನ್ ಹಚ್ಚಿದೆ. “ಫ್ರಿಜ್ ನಮ್ದಲ್ರಿ ಸರ್. ಆದ್ರ ನಮ್ಮವ್ವ ಸುಳ್ಳು ಹೇಳ್ಯಾಳಂತ ಬರೀಬ್ಯಾಡ್ರಿ. ನಂಗ ಫೀಸ್ ಕೊಡದಿದ್ರೂ ನಡೀತದ.”

ನಡೆಯುವುದಿಲ್ಲ. ಆದರೂ ಬಾಯಿಂದ ಬಂತು. ಅವರು ಹೂಂ ಅಂದರು. ಫೋನ್ ಇಟ್ಟರು.

ಫೆಬ್ರವರಿ 16, ಭಾನುವಾರ. ಊರು

ಇನ್ನು ನಾಲ್ಕೇ ದಿನ. ಪುಸ್ತಕ ಎಲ್ಲ ಗಂಟು ಕಟ್ಟಿಕೊಂಡು ಬಂದಿದ್ದೆ. ಫ್ರಿಜ್ಜು, ಕುರ್ಚಿ ಅಂದೇ ವಾಪಸ್ ಹೋಗಿವೆ. ತಾಟು, ಲೋಟ ಮಾತ್ರ ಇಲ್ಲೇ. ಖಾಲಿ ಭಾಂಡೆ ಮರಳಿಸಬಾರದಂತೆ. ತುಂಬಿ ಕೊಡಲು ಮನೆಯಲ್ಲಿ ಏನೂ ಇಲ್ಲ. ಅದಕ್ಕೇ ಮೂರು ವಾರದಿಂದ ಮೂಲೆಯಲ್ಲಿವೆ.

ಹನ್ನೊಂದಕ್ಕೆ ಅಫಜಲಪುರ ಕಡೆಯ ಬಸ್ಸಿನಲ್ಲಿ ನನ್ನ ಡಬ್ಬಿ ಬಂತು! ಹಗುರ ಇತ್ತು. ಅವ್ವ ಮುಚ್ಚಳ ತೆಗೆದು, ಬರೇ ಕಾಗದ ಅದ ಬೇ, ಓದು ಅಂದಳು. ಮೊದಲನೆಯದು ಚೀಟಿ. ಇಲ್ಲೇ ಇಳಿಸಿಕೊಳ್ಳುತ್ತೇನೆ.

“ಗಂಗಾಬಾಯಿಯವರಿಗೆ ಶರಣು. ಉಣ್ಣುವಾಗ ನೋಡಿದೆ, ತಾಟಿನ ಮೇಲೆ ಜಗದೇವಪ್ಪ ಎಂದು ಕೊರೆಸಿತ್ತು. ಲೋಟದ ಮೇಲೆ ಖಾಜಾ. ನಿಮ್ಮ ಮನೆಯ ಹೆಸರಿದ್ದದ್ದು ಈ ಡಬ್ಬಿಯೊಂದರ ಮೇಲೆ. ಸಹಾಯ ಅಗತ್ಯ ಎಂದು ಅಂದೇ ಸಂಜೆ ಬರೆದು ಕಳಿಸಿದೆ. ಮಗಳು ಫೋನ್ ಮಾಡಿದಾಗಲೇ ಹೇಳಬಹುದಿತ್ತು. ಆದರೆ ಖಾಲಿ ಡಬ್ಬಿ ಮರಳಿಸಬಾರದು ಎಂದು ನಮ್ಮ ತಾಯಿಯೂ ಹೇಳುತ್ತಿದ್ದಳು. ಅದಕ್ಕೇ ಕಾದೆ. ಹಿಂಡಿ ಬಹಳ ರುಚಿ ಇತ್ತು.”

ಕೆಳಗೆ ಯೂನಿವರ್ಸಿಟಿಯ ರಸೀದಿ. ನನ್ನ ಹೆಸರು. ಕೊನೆಯ ಸೆಮಿಸ್ಟರ್. ಪೂರ್ತಿ ಕಟ್ಟಿದ್ದಾರೆ.

ಅಪ್ಪ ಹಾಸಿಗೆಯಿಂದಲೇ ಇನ್ನೊಮ್ಮೆ ಓದು ಅಂದ. ಮೂರು ಸಲ ಓದಿಸಿದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಲೆಯ ಮುಂದೆ ಕುಳಿತಳು. ನಾನು ಅತ್ತೆ, ಚೆನ್ನಾಗಿ ಅತ್ತೆ. ಇಷ್ಟು ದಿನ ಆ ಮನುಷ್ಯನನ್ನು ಮನಸ್ಸಿನಲ್ಲಿ ಬೈದದ್ದಕ್ಕೂ ಸೇರಿಸಿ.

ಮಧ್ಯಾಹ್ನ 3

ಅವ್ವ ಅಂಗಡಿಯಲ್ಲಿ ಉದ್ರಿ ಬರೆಸಿ ಬೆಲ್ಲ ತಂದು ಹೋಳಿಗೆ ಮಾಡಿದಳು. ತಾಟು ತುಂಬಿಸಿ ಜಗದೇವಪ್ಪ ಕಾಕಾನ ಮನೆಗೆ, ಲೋಟದ ತುಂಬ ಹೂರಣ ಖಾಜಾ ಚಾಚಾನ ಮನೆಗೆ. ಕೈನಾತ ಓಣಿಯಲ್ಲೇ ಅಪ್ಪಿಕೊಂಡಳು. ನಮ್ಮ ಫ್ರಿಜ್ ಪಾಸಾಯ್ತು ಅಂತಾಳೆ.

ಈಗ ನನ್ನ ಡಬ್ಬಿ ತುಂಬುತ್ತಿದ್ದಾಳೆ. ಫೀಸು ಕೊಟ್ಟವರಿಗಂತೆ. ಯಾರೆಂದು ಸರ್‌ಗೆ ಫೋನ್ ಮಾಡಿ ಕೇಳಿದೆ. ಖಜೂರಿ ಕಡೆಯ ಒಬ್ಬ ಲಾರಿ ಮಾಲಕರು, ಹೆಸರು ಹೇಳಬೇಡಿ ಅಂದಿದ್ದಾರೆ ಎಂದರು. ಅವ್ವನಿಗೆ ಹೇಳಿದೆ.

“ಹೆಸ್ರು ಬ್ಯಾಡಂದ್ರ ಬ್ಯಾಡ. ಹಸಿವಂತೂ ಇರ್ತದಲ್ಲ. ಖಜೂರಿ ಬಸ್ಸಿಗೆ ಕೊಟ್ಟು ಬಾ.”

ಅಲ್ಲವ್ವ, ಕಂಡಕ್ಟರ್ ಯಾರಿಗೆ ಕೊಡಬೇಕು ಅಂತ ಕೇಳಿದರೆ ನಾನು ಏನು—

ಕರೆಯಾಕತ್ತಾಳೆ. ಬಸ್ಸಿನ ಹೊತ್ತಾಯ್ತಂತೆ. ಡಬ್ಬಿ ಬಿಸಿ ಇದೆ, ಅರಿವೆಯಲ್ಲಿ ಸುತ್ತಿಕೊಂಡು ಹೊರಟೆ.