ಹೆಪ್ಪುಗಟ್ಟಿದ ಔಷಧಿಯ ಖರ್ಚು ಯಾರ ಲೆಕ್ಕಕ್ಕೆ?

ಆರೋಗ್ಯ ಇಲಾಖೆಯ ಮುಖ್ಯಾಧಿಕಾರಿಗಳೇ,

ಆಸ್ಪತ್ರೆಗಳ ಖರ್ಚು ಕೈಮೀರಿದೆ, ಜನ ತಮ್ಮ ಆರೋಗ್ಯವನ್ನು ತಾವು ನೋಡಿಕೊಳ್ಳುವುದಿಲ್ಲ ಎಂದು ಹೇಳಿಕೆ ಕೊಟ್ಟಿದ್ದೀರಿ. ಆ ಖರ್ಚಿನಲ್ಲಿ ಒಂದಷ್ಟು ಮಾಡಿಸಿದವಳು ನಾನು. ನೋಡಿಕೊಳ್ಳದೆ ಅಲ್ಲ ಸ್ವಾಮಿ, ಅತಿಯಾಗಿ ನೋಡಿಕೊಂಡು.

ನನ್ನ ಮೈದುನ ದರ್ಜಿ. ನಾನು ಈ ಮನೆ ಸೇರಿದಾಗ ಚಡ್ಡಿ ಹಾಕುತ್ತಿದ್ದ ಹುಡುಗ. ಬೈದು ಬೆಳೆಸಿದವಳು ನಾನೇ. ಸಕ್ಕರೆ ಕಾಯಿಲೆಗೆ ವೈದ್ಯರು ಇನ್ಸುಲಿನ್ ಬರೆದುಕೊಟ್ಟರು. ನಿಮ್ಮ ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯವರು ತಲೆ ಎತ್ತದೆ, "ತಂಪಲ್ಲಿಡಿ, ಗೊತ್ತಾಯ್ತಾ?" ಎಂದರು. ಹಿಂದೆ ಉದ್ದನೆಯ ಸಾಲು. ಹೈಸ್ಕೂಲು ಓದಿದವಳು ಮತ್ತೆ ಕೇಳಿ ದಡ್ಡಿ ಅನ್ನಿಸಿಕೊಳ್ಳಲೇ? "ಗೊತ್ತು" ಎಂದೆ. ತಂದು ಫ್ರಿಜ್ಜಿನ ಐಸ್ ಖಾನೆಯಲ್ಲಿಟ್ಟೆ. ಎಲ್ಲಕ್ಕಿಂತ ತಂಪಾದ ಜಾಗ ಅದೇ ತಾನೇ? ಹೊತ್ತಿಗೆ ಸರಿಯಾಗಿ ಕರಗಿಸಿ ಕೊಡುತ್ತಿದ್ದೆ.

ಸಕ್ಕರೆ ಇಳಿಯಲಿಲ್ಲ. ವೈದ್ಯರು ಪ್ರಮಾಣ ಏರಿಸಿದರು, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದರು. ನಾನು ಮಾತ್ರ ಕಳ್ಳನನ್ನು ಹಿಡಿದೇಬಿಟ್ಟೆ. "ಕದ್ದು ತಿಂತೀಯೇನೋ?" ಎಂದು ಮಕ್ಕಳೆದುರೇ ಕೇಳಿದೆ.

"ಇಲ್ಲ ಅತ್ತಿಗೆ, ನಿಮ್ಮಾಣೆ."

ನನ್ನ ಮೇಲೆ ಆಣೆ ಬೇರೆಯೇ ಎಂದು ಸಕ್ಕರೆ ಡಬ್ಬಿಗೆ ಬೀಗ ಜಡಿದೆ. ಹೊಲಿಗೆ ಯಂತ್ರದ ಪೆಡಲು ತರಚಿ ಆದ ಗಾಯ ಮಾಯದೆ ಕೊಳೆಯಿತು. ಬಲಗಾಲಿನ ಎರಡು ಬೆರಳು ತೆಗೆದರು. ವಾರ್ಡಿನಲ್ಲಿ ಎಚ್ಚರವಾದವನು, "ಈಗ್ಲಾದ್ರೂ ಬೀಗ ತೆಗೀರಿ ಅತ್ತಿಗೆ, ಮಕ್ಳು ಸಪ್ಪೆ ಟೀ ಕುಡಿದು ನಂಗೆ ಶಾಪ ಹಾಕ್ತಿದಾವೆ" ಎಂದು ನಕ್ಕ.

ಬಿಡುಗಡೆಯ ದಿನ ನರ್ಸಮ್ಮ ನನ್ನನ್ನು ಹೊರಗೆ ಕರೆದಳು. "ಅಮ್ಮಾ, ಇನ್ಸುಲಿನ್ ಮನೇಲಿ ಎಲ್ಲಿಡ್ತೀರಿ?" ಹೆಮ್ಮೆಯಿಂದಲೇ ಹೇಳಿದೆ. ಅವಳ ಮುಖ ಕಪ್ಪಿಟ್ಟಿತು. ಫ್ರಿಜ್ಜಿನ ಕೆಳಗಿನ ಖಾನೆಯ ತಂಪೇ ಸಾಕಂತೆ, ಹೆಪ್ಪುಗಟ್ಟಿದರೆ ಅದು ಕೆಡುತ್ತದಂತೆ. ತಿಂಗಳುಗಟ್ಟಲೆ ಅವನಿಗೆ ನಾನು ಚುಚ್ಚಿಸಿದ್ದು ಕೆಟ್ಟ ಮದ್ದು.

ತಪ್ಪು ನನ್ನದು, ನಿಮ್ಮ ತಲೆಗೆ ಕಟ್ಟಲಾರೆ. ಆದರೆ ಇದೇ ಪ್ರಶ್ನೆಯನ್ನು ಬೆರಳು ಹೋಗುವ ಮೊದಲು ಯಾರಾದರೂ ಕೇಳಿದ್ದರೆ ನಿಮ್ಮ ಬೊಕ್ಕಸಕ್ಕೆ ಏನು ನಷ್ಟವಾಗುತ್ತಿತ್ತು? ಶಸ್ತ್ರಚಿಕಿತ್ಸೆ, ವಾರ್ಡು, ಅಷ್ಟೊಂದು ಪರೀಕ್ಷೆ, ಎಲ್ಲ ಉಳಿಯುತ್ತಿರಲಿಲ್ಲವೇ? ಕತ್ತರಿಸಲು ಹಣವಿದೆ, ಬಿಡಿಸಿ ಹೇಳಲು ಪುರುಸೊತ್ತಿಲ್ಲ ಎಂದರೆ ಇದು ಯಾವ ಸೀಮೆಯ ಉಳಿತಾಯ?

ಪ್ರತಿ ಔಷಧಿ ಕಿಟಕಿಯಲ್ಲೂ ತಿಳಿಸಿ ಹೇಳುವ ಒಬ್ಬರನ್ನು ಕೂರಿಸಿ. "ಗೊತ್ತಾಯ್ತಾ?" ಎಂದು ಕೇಳಿಸಬೇಡಿ, ನನ್ನಂಥವರು ಪ್ರಾಣ ಹೋದರೂ ಗೊತ್ತು ಎಂದೇ ಅನ್ನುತ್ತೇವೆ. "ಮನೆಗೆ ಹೋಗಿ ಏನ್ಮಾಡ್ತೀರಿ, ಹೇಳಿ" ಎಂದು ಕೇಳಿಸಿ.

ಇದನ್ನು ಪತ್ರಿಕೆಗೆ ಕಳಿಸಲು ಇನ್ನೊಂದು ಕಾರಣವಿದೆ. ಮೈದುನನಿಗೆ ನಾನಿನ್ನೂ ಹೇಳಿಲ್ಲ. ಎದುರು ಕೂತರೆ ನಾಲಿಗೆ ಏಳುವುದಿಲ್ಲ. ಈಗ ಮಂಚದ ಮೇಲೆ ಕೂತು ಗುಂಡಿ ಹೊಲಿಯುವ ಅವನು ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುತ್ತಾನೆ. ಇಲ್ಲಿಯವರೆಗೆ ಓದಿದ್ದರೆ, ನೀನು ಕದ್ದಿರಲಿಲ್ಲ ಕಣೋ.

ಇಂತಿ,
ಅವನ ಅತ್ತಿಗೆ